ಪರ್ಮನೆಂಟ್ ಮಾರ್ಕರ್: ಹೆಸರಿನಷ್ಟು ಶಾಶ್ವತವೇ?

ಕಂಪ್ಲಿಯ ಅಕ್ಕಿ ಗಿರಣಿಯಿಂದ ಹೊರಡುವ ಚೀಲದ ಲಾಟ್ ಸಂಖ್ಯೆ, ಸಂಡೂರಿನ ಗಣಿಯಲ್ಲಿ ತೆಗೆದ ಅದಿರು ಮಾದರಿಯ ಗುರುತು, ಹೊಸಪೇಟೆಯ ಲಾರಿ ಬುಕಿಂಗ್ ಕಚೇರಿಯಲ್ಲಿ ಪೆಟ್ಟಿಗೆಯ ಮೇಲೆ ಬರೆಯುವ ಊರಿನ ಹೆಸರು, ಇವಕ್ಕೆಲ್ಲ ಪರ್ಮನೆಂಟ್ ಮಾರ್ಕರ್ ಬಳಸುವುದು ಸಾಮಾನ್ಯ ರೂಢಿ. ಪೆನ್ನಿನ ಬೆಲೆ ಅಲ್ಪವಾದರೂ ಬರಹ ಅಳಿಸಿಹೋದರೆ ನಷ್ಟ ಅಲ್ಪವಲ್ಲ. ಲಾಟುಗಳು ಬೆರೆತುಹೋಗುತ್ತವೆ, ಅದಿರಿನ ಪರೀಕ್ಷಾ ವರದಿ ಯಾವ ರಾಶಿಯದೆಂದು ತಿಳಿಯದೆ ಹೋಗುತ್ತದೆ. ಆದುದರಿಂದ ಈ ಪುಟ್ಟ ಸಾಧನದ ಗುಣ ಮತ್ತು ಮಿತಿಗಳನ್ನು ವರ್ತಕರೂ ಸಣ್ಣ ಉದ್ದಿಮೆದಾರರೂ ಅರಿತಿರುವುದು ಒಳಿತು.

ಶಾಯಿಯಲ್ಲಿ ಏನಿದೆ?

ಮಾರ್ಕರ್ ಶಾಯಿಯಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ: ಬಣ್ಣ, ದ್ರಾವಕ ಮತ್ತು ರಾಳ. ಹಿಂದೆ ದ್ರಾವಕವಾಗಿ ಕ್ಸೈಲೀನ್, ಟಾಲ್ಯೂಯೀನ್‌ಗಳ ಬಳಕೆ ಹೆಚ್ಚಾಗಿತ್ತು. ಇಂದು ಬಹುಪಾಲು ಮಾರ್ಕರ್‌ಗಳಲ್ಲಿ ಎಥನಾಲ್, ಐಸೊಪ್ರೊಪನಾಲ್‌ನಂತಹ ಆಲ್ಕೊಹಾಲ್‌ಗಳಿವೆ. ಬರೆದ ಕೂಡಲೇ ದ್ರಾವಕ ಆವಿಯಾಗುತ್ತದೆ. ಉಳಿದ ರಾಳವು ಬಣ್ಣವನ್ನು ಮೇಲ್ಮೈಗೆ ಅಂಟಿಸಿ ಹಿಡಿಯುತ್ತದೆ. ಈ ರಾಳ ನೀರಿನಲ್ಲಿ ಕರಗದು, ಆದರೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಗುಲಿದರೆ ಕರಗಬಲ್ಲದು.

ಇಲ್ಲಿ ಮೈಸೂರಿನ ಚುನಾವಣಾ ಶಾಯಿಯೊಡನೆ ಹೋಲಿಕೆ ಉಪಯುಕ್ತ. 1937ರಲ್ಲಿ ಸ್ಥಾಪನೆಯಾದ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಾದ ಸಂಸ್ಥೆ 1962ರ ಸಾರ್ವತ್ರಿಕ ಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ರಾಸಾಯನಿಕವಾಗಿ ವರ್ತಿಸಿ ಕಲೆಯಾಗುತ್ತದೆ. ಮಾರ್ಕರ್ ಶಾಯಿ ಹಾಗೆ ವರ್ತಿಸುವುದಿಲ್ಲ, ಕೇವಲ ಅಂಟಿಕೊಳ್ಳುತ್ತದೆ. ಆದ್ದರಿಂದ ಅದರ ಬಾಳಿಕೆ ಬಹುಮಟ್ಟಿಗೆ ಮೇಲ್ಮೈಯನ್ನೇ ಅವಲಂಬಿಸಿದೆ.

ಮೇಲ್ಮೈಗೆ ತಕ್ಕ ಆಯ್ಕೆ

ರಟ್ಟು, ಮರ, ಗೋಣಿಚೀಲಗಳು ಶಾಯಿಯನ್ನು ಹೀರಿಕೊಳ್ಳುವುದರಿಂದ ಅಲ್ಲಿ ಸಾಧಾರಣ ಮಾರ್ಕರ್ ಸಾಕು. ಪ್ಲಾಸ್ಟಿಕ್ ಚೀಲಗಳ ನುಣುಪು ಮೇಲ್ಮೈಯಲ್ಲಿ ಶಾಯಿ ಮೇಲೆಯೇ ನಿಂತು, ಉಜ್ಜಾಟಕ್ಕೆ ಕಿತ್ತುಬರಬಹುದು. ಎಣ್ಣೆ ಅಥವಾ ಧೂಳು ಹಿಡಿದ ಕಬ್ಬಿಣದ ಮೇಲೆ ಶಾಯಿ ನಿಲ್ಲದು. ಮೊದಲು ಒರೆಸಿ, ಬಳಿಕ ಬಣ್ಣದ ಕಣಗಳುಳ್ಳ ಪೇಂಟ್ ಮಾರ್ಕರ್ ಬಳಸುವುದು ಉಚಿತ.

ಬಿಸಿಲೂ ಒಂದು ಶತ್ರು. ದ್ರಾವಕದಲ್ಲಿ ಕರಗಿರುವ ಡೈ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಮಸಿಯಂತಹ ಪಿಗ್ಮೆಂಟ್ ಇರುವ ಕಪ್ಪು ಶಾಯಿ ಹೆಚ್ಚು ಕಾಲ ಉಳಿಯುತ್ತದೆ. ಬಯಲಿನಲ್ಲಿಡುವ ಅದಿರು ಮಾದರಿಗೆ ಚೀಲದ ಹೊರಗೆ ಬರೆಯುವುದರ ಜೊತೆಗೆ ಒಳಗೂ ಒಂದು ಚೀಟಿ ಇಡುವುದು ಕ್ಷೇಮ. ಸಂಡೂರು ಲಂಬಾಣಿ ಕಸೂತಿಯಂತಹ ಬಟ್ಟೆಗಳ ಮೇಲೆ, ಹಿಂಬದಿಯಲ್ಲಾದರೂ, ಮಾರ್ಕರ್ ಸಲ್ಲದು. ಶಾಯಿ ನೂಲಿನಲ್ಲಿ ಹರಡಿ ಮುಂಬದಿಗೆ ಇಣುಕುತ್ತದೆ. ಕಟ್ಟಿದ ಚೀಟಿಯೇ ಲೇಸು.

ಸುರಕ್ಷತೆ

ಎಥನಾಲ್‌ನ ಆವಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹೊಸಪೇಟೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿಯ ಆಸುಪಾಸಿಗೆ ಏರುವುದನ್ನು ನೆನೆದರೆ, ಮಾರ್ಕರ್ ಪೆಟ್ಟಿಗೆಗಳನ್ನೂ ಮರುಪೂರಣದ ಶಾಯಿ ಬಾಟಲಿಗಳನ್ನೂ ವೆಲ್ಡಿಂಗ್ ಸ್ಥಳ, ಒಲೆ, ಬಿಸಿಲು ಬೀಳುವ ಕಿಟಕಿಗಳಿಂದ ದೂರವಿಡುವುದು ಅಗತ್ಯ. ಮುಚ್ಚಳ ಬಿಗಿಯಾಗಿರಲಿ. ಕ್ಸೈಲೀನ್ ಆವಿಯನ್ನು ಹೆಚ್ಚು ಹೊತ್ತು ಉಸಿರಾಡಿದರೆ ತಲೆನೋವು, ತಲೆಸುತ್ತು ಬರುತ್ತವೆ. ಆದ್ದರಿಂದ ಕೊಳ್ಳುವಾಗ ಕ್ಸೈಲೀನ್ ರಹಿತವೆಂಬ ನಮೂದನ್ನು ನೋಡಬೇಕು. ದಿನವಿಡೀ ಗುರುತು ಹಾಕುವ ಕೆಲಸಗಾರರಿಗೆ ಗಾಳಿಯಾಡುವ ಸ್ಥಳ ಒದಗಿಸಬೇಕು.

ಆಹಾರಕ್ಕೆ ನೇರವಾಗಿ ತಗಲುವ ಹಾಳೆ ಅಥವಾ ಪಾತ್ರೆಯ ಒಳಬದಿಯಲ್ಲಿ ಮಾರ್ಕರ್ ಬಳಸಕೂಡದು. ತೆಳು ಪ್ಲಾಸ್ಟಿಕ್‌ನ ಮೂಲಕ ದ್ರಾವಕ ಒಳಸೇರಬಹುದಾದ್ದರಿಂದ ಹೊರಬದಿಯಲ್ಲಿಯೂ ಅಂಟುಚೀಟಿಯ ಮೇಲೆ ಬರೆಯುವುದು ಮೇಲು.

ಕಾನೂನಿನ ಎಚ್ಚರಿಕೆ

ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯನ್ನು ಮಾರ್ಕರ್‌ನಿಂದ ಅಳಿಸುವುದಾಗಲಿ ತಿದ್ದುವುದಾಗಲಿ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಿಗೆ ವಿರುದ್ಧ. ಬೆಲೆ ಇಳಿಸಬೇಕಾದರೆ, ಮೂಲ ಬೆಲೆ ಮರೆಯಾಗದಂತೆ ಹೊಸ ಬೆಲೆಯ ಚೀಟಿ ಅಂಟಿಸಲು ಅವಕಾಶವಿದೆ.

1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿಯ ಸಂಗತಿ ಇನ್ನೂ ಗಂಭೀರ. ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದ ಶಾಯಿಯನ್ನು ದ್ರಾವಕದಿಂದ ಒರೆಸಹೋದರೆ ಬಣ್ಣ ಇನ್ನಷ್ಟು ಆಳಕ್ಕೆ ಸರಿಯಬಹುದು. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ, 2010ರ ತಿದ್ದುಪಡಿಯನ್ವಯ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಂಪಿಯಲ್ಲಿ ಮಾರ್ಕರ್ ಮಾರುವ ಅಂಗಡಿಯವರು ಪ್ರವಾಸಿಗರಿಗೆ ಈ ಮಾತನ್ನು ತಿಳಿಸಿದರೆ ಊರಿಗೇ ಉಪಕಾರ.

ಕೊಳ್ಳುವ ಮುನ್ನ

ಸಗಟಾಗಿ ಖರೀದಿಸುವ ಮೊದಲು ಒಂದು ಪೆನ್ನಿನಿಂದ ತಮ್ಮದೇ ಚೀಲ ಅಥವಾ ತಗಡಿನ ತುಂಡಿನ ಮೇಲೆ ಬರೆದು, ಒಂದು ವಾರ ಬಿಸಿಲಿನಲ್ಲಿಟ್ಟು, ಬಳಿಕ ಒದ್ದೆ ಬಟ್ಟೆಯಿಂದಲೂ ಎಣ್ಣೆ ಬಟ್ಟೆಯಿಂದಲೂ ಉಜ್ಜಿ ನೋಡುವುದು ಸುಲಭ ಪರೀಕ್ಷೆ. ಓದಲು ಬಂದರೆ ಆ ಮಾರ್ಕರ್ ಆ ಕೆಲಸಕ್ಕೆ ತಕ್ಕದ್ದು. ಪೆನ್ನಿನ ಮೇಲೆ ಅಚ್ಚಾದ ಹೆಸರಿಗಿಂತ ಈ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.