ಆಟಗಾರನ ಹೆಗಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಮಳೆಗಾಲ ಕಳೆಯಿತೆಂದರೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳು ಮೊದಲಾಗುತ್ತವೆ. ಅಲ್ಲಿ ಹುಡುಗರು ಗೆದ್ದು ತಂದ ಫಲಕಗಳು ವಿದ್ಯಾಲಯಗಳಿಗೆ ಭೂಷಣವೇ ಸರಿ. ಆದರೆ ಹಿಡಿತಕ್ಕೆ ಸಿಕ್ಕ ಆಟಗಾರನ ತೋಳು ಹಿಂದಕ್ಕೆ ತಿರುಚಿ ಹೆಗಲು ಜಾರಿದಾಗ ನಡೆಯುವುದೇನು? ನೆರೆದವರಲ್ಲೊಬ್ಬರು ಕೈಹಿಡಿದು ಜಗ್ಗುತ್ತಾರೆ, ಕೀಲು ಕುಳಿತಿತೆನ್ನುತ್ತಾರೆ, ಹುಡುಗ ಮರುವಾರವೇ ಅಂಗಣಕ್ಕಿಳಿಯುತ್ತಾನೆ.

ಸುಶ್ರುತಾಚಾರ್ಯರು ದೇಹದ ಸಂಧಿಗಳನ್ನು 8 ಬಗೆಯಾಗಿ ವಿಂಗಡಿಸಿ, ಕಂಕುಳು, ತೊಡೆಸಂದು ಹಾಗೂ ದಂತಗಳ ಸಂಧಿಗಳನ್ನು 'ಉಲೂಖಲ' ಎಂಬ ಬಗೆಗೆ ಸೇರಿಸಿದರು. ಉಲೂಖಲವೆಂದರೆ ಒರಳು. ತೊಡೆಯ ಮಟ್ಟಿಗೆ ಈ ಉಪಮೆ ಸರ್ವಥಾ ಒಪ್ಪುತ್ತದೆ. ತೊಡೆಯೆಲುಬಿನ ಗುಂಡು ಆಳವಾದ ಗುಳಿಯಲ್ಲಿ ಕುಳಿತಿದೆ. ಹೆಗಲಿನದಾದರೋ ಒರಳೆನ್ನುವುದಕ್ಕಿಂತ ತಟ್ಟೆಯೆನ್ನುವುದೇ ಲೇಸು. ತೋಳೆಲುಬಿನ ಗುಂಡಿನಲ್ಲಿ ಸುಮಾರು ಕಾಲುಭಾಗ ಮಾತ್ರ ಯಾವುದೇ ಕ್ಷಣದಲ್ಲಿ ಆ ತಟ್ಟೆಗೆ ತಗುಲಿರುತ್ತದೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಜಾರುವುದೂ ಇದರಿಂದಲೇ. ತಟ್ಟೆಯ ಸುತ್ತ ಮೃದ್ವಸ್ಥಿಯ ಅಂಚೊಂದುಂಟು. ಅದರ ಹೊರಗೆ ನಾಲ್ಕು ಸಣ್ಣ ಸ್ನಾಯುಗಳು ಗುಂಡನ್ನು ತಟ್ಟೆಗೆ ಒತ್ತಿ ಹಿಡಿದಿವೆ. ಇವುಗಳ ಸಮೂಹವನ್ನೇ ವೈದ್ಯರು ರೋಟೇಟರ್ ಕಫ್ ಎನ್ನುತ್ತಾರೆ. ಉಜಿರೆಯ ಕಾಲೇಜಿನಲ್ಲಿ ಓದಿದ ಗುರುರಾಜ ಪೂಜಾರಿಯವರು 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಬೆಳ್ಳಿಯ ಪದಕ ಪಡೆದಾಗ, ಸ್ನ್ಯಾಚ್ ವಿಧಾನದಲ್ಲಿ ಎತ್ತಿದ್ದು 111 ಕಿಲೋ. ತಮ್ಮ ತೂಕದ ಹೆಚ್ಚುಕಡಿಮೆ ಇಮ್ಮಡಿ ಭಾರ ತಲೆಯ ಮೇಲೆ ನಿಂತಾಗ ಹೆಗಲು ಅಲುಗದಂತೆ ಕಾಯ್ದವುಗಳಲ್ಲಿ ಕಣ್ಣಿಗೆ ಕಾಣದ ಈ ಸ್ನಾಯುಗಳೂ ಸೇರಿವೆ.

ಹೆಗಲು ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತದೆ. ಆಗ ಮೃದ್ವಸ್ಥಿಯ ಅಂಚು ಮುಂಭಾಗದಲ್ಲಿ ಕಿತ್ತುಬರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿಯೇ ವಿವರಿಸಿದರು. ಗುಂಡನ್ನು ಸ್ವಸ್ಥಾನಕ್ಕೆ ತಂದ ಮಾತ್ರಕ್ಕೆ ಕಿತ್ತ ಅಂಚು ಕೂಡಿಕೊಳ್ಳುವುದೆಂಬ ಭರವಸೆಯಿಲ್ಲ. ಇಪ್ಪತ್ತು ತುಂಬದ ಆಟಗಾರ ಹುಡುಗರಲ್ಲಿ ಒಮ್ಮೆ ಜಾರಿದ ಹೆಗಲು ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಜಾರುತ್ತದೆ. ಎಳೆಯ ದೇಹ ಬೇಗ ಮಾಗುವುದೆಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಜಾರಿದ ಅಂಸಸಂಧಿಗೆ ಕಂಕುಳಲ್ಲಿ ಒನಕೆಯಿಟ್ಟು ಮೇಲೆತ್ತಿ, ಕೀಲು ಕುಳಿತ ಬಳಿಕ ಸ್ವಸ್ತಿಕ ಬಂಧದಿಂದ ಕಟ್ಟಬೇಕೆಂಬುದು ಸುಶ್ರುತರ ವಿಧಾನ. ನಮ್ಮ ಅಂಗಣದ ವೈದ್ಯರು ಎತ್ತುವುದನ್ನು ಉಳಿಸಿಕೊಂಡು ಕಟ್ಟುವುದನ್ನು ಬಿಟ್ಟರು! ಕಂಕುಳಿನ ಬಳಿ ಹಾಯುವ ನರಕ್ಕೆ ಪೆಟ್ಟಾಗಿದೆಯೇ, ಎಲುಬು ಬಿರಿದಿದೆಯೇ ಎಂದು ತಿಳಿಯದೆ ಜಗ್ಗುವುದು ಅಪಾಯಕರ. ತೋಳನ್ನು ಇದ್ದಂತೆಯೇ ಜೋಳಿಗೆಗಟ್ಟಿ ಆಸ್ಪತ್ರೆಗೆ ಒಯ್ಯುವುದಷ್ಟೇ ಶಿಕ್ಷಕರ ಕೆಲಸ. ಅನಂತರ ವಿಶ್ರಾಂತಿ, ಕ್ರಮವರಿತ ವ್ಯಾಯಾಮ. ಆಟಕ್ಕೆ ಮರಳಲು ತಿಂಗಳುಗಳೇ ಬೇಕಾದೀತು.

ಇನ್ನೊಂದು ಬಗೆಯದು ಎಸೆತ, ಹೊಡೆತಗಳ ಅತಿಯಾದ ಪುನರಾವರ್ತನೆಯಿಂದ ಬರುವ ಸವೆತ. ಮೇಲಿನ ಎಲುಬು ಸ್ನಾಯುವಿಗೆ ಉಜ್ಜುವುದೇ ಇಂಥ ನೋವಿಗೆ ಕಾರಣವೆಂದು ಅಮೆರಿಕೆಯ ನೀರ್ 1972ರಲ್ಲಿ ಪ್ರತಿಪಾದಿಸಿದ ಮೇಲೆ ಎಲುಬನ್ನು ಕೆತ್ತುವ ಶಸ್ತ್ರಕ್ರಿಯೆ ಲೋಕವ್ಯಾಪಿಯಾಯಿತು. ಬ್ರಿಟನ್ನಿನ ಸಂಶೋಧಕರು ಕೆಲವು ರೋಗಿಗಳಿಗೆ ಎಲುಬು ಕೆತ್ತಿ, ಕೆಲವರಿಗೆ ಕೊಳವೆಯಿಳಿಸಿ ನೋಡಿದ್ದನ್ನು ಬಿಟ್ಟು ಬೇರೇನನ್ನೂ ಮಾಡದೆ ಹೋಲಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇವರಿಬ್ಬರ ಉಪಶಮನದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹಾಗೆಂದು ಹೆಗಲಿನ ಶಸ್ತ್ರಕ್ರಿಯೆಯೆಲ್ಲ ವ್ಯರ್ಥವೆನ್ನಲಾಗದು. ಕುಂಬಳೆ ಮೂಲದ ಅನಿಲ್ ಕುಂಬ್ಳೆಯವರು 2001ರಲ್ಲಿ ಹೆಗಲಿನ ಶಸ್ತ್ರಕ್ರಿಯೆಗೆ ಒಳಗಾದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅದರ ಅನಂತರ ಬಂದವು. ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಅವರೂ 2017ರಲ್ಲಿ ಇದೇ ಹಾದಿ ಹಿಡಿದು ಮರಳಿದರು. ಯಾವ ಹೆಗಲಿಗೆ ಯಾವ ಚಿಕಿತ್ಸೆಯೆಂಬ ವಿವೇಚನೆ ಮುಖ್ಯ.

ಶಾಲೆಗಳಿಗೆ ಹೆಚ್ಚು ಉಪಯುಕ್ತವಾದದ್ದು ನಾರ್ವೆಯ ಸಂಶೋಧನೆ. 45 ಹ್ಯಾಂಡ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ವಾರಕ್ಕೆ 3 ಸಲ, ಸುಮಾರು 10 ನಿಮಿಷ, ಹೆಗಲು ಹಾಗೂ ಬೆನ್ನಿನ ವ್ಯಾಯಾಮವನ್ನು ಆಟದ ಪೂರ್ವಸಿದ್ಧತೆಯಲ್ಲಿಯೇ ಸೇರಿಸಿದರು. ಆ ತಂಡಗಳಲ್ಲಿ ಹೆಗಲಿನ ತೊಂದರೆಯ ಸಂಭವ 28 ಪ್ರತಿಶತ ಕಡಿಮೆಯಾಯಿತೆಂದು 2017ರಲ್ಲಿ ವರದಿಯಾಯಿತು. ಕ್ರೀಡಾಂಗಣಕ್ಕೂ ಪಾರಿತೋಷಕಕ್ಕೂ ಉದಾರವಾಗಿ ನೆರವಾಗುವ ದಾನಿಗಳು ಇದನ್ನೂ ಗಮನಿಸಬಹುದು: ಈ ವ್ಯಾಯಾಮಕ್ಕೆ ಬೇಕಾದದ್ದು ಎಳೆದರೆ ಹಿಗ್ಗುವ ರಬ್ಬರಿನ ಪಟ್ಟಿ, ಒಂದು ಚೆಂಡು, ಹಾಗೂ ದೈಹಿಕ ಶಿಕ್ಷಕರ ಹತ್ತು ನಿಮಿಷ.