ಪ್ರತಿಹೈಡ್ರೊಜನ್ನಿನ ರೋಹಿತ

ಬಾಲ್ಮರನ ರೇಖೆಗಳನ್ನೂ ಬೋರನ ಸೂತ್ರವನ್ನೂ ಅಭ್ಯಸಿಸದೆ ಭೌತಶಾಸ್ತ್ರದ ಪದವಿ ತರಗತಿಯನ್ನು ದಾಟಿದವರು ವಿರಳ. ಹೈಡ್ರೊಜನ್ ಪರಮಾಣುವಿನಲ್ಲಿ ಪ್ರೋಟಾನಿನ ಎಡೆಗೆ ಋಣವಿದ್ಯುತ್ತಿನ ಪ್ರತಿಪ್ರೋಟಾನನ್ನೂ ಎಲೆಕ್ಟ್ರಾನಿನ ಎಡೆಗೆ ಧನವಿದ್ಯುತ್ತಿನ ಪಾಸಿಟ್ರಾನನ್ನೂ ತಂದರೆ ಪ್ರತಿಹೈಡ್ರೊಜನ್ ಆಗುತ್ತದೆ. ಅದರ ರೋಹಿತವು ಹೇಗಿದ್ದೀತು? ಅಣುಮಾತ್ರವೂ ವ್ಯತ್ಯಾಸವಿರಕೂಡದೆಂಬುದು ಸಿದ್ಧಾಂತದ ಉತ್ತರ. ವಿದ್ಯುದಂಶ, ದೇಶ, ಕಾಲ ಈ ಮೂರನ್ನೂ ಒಟ್ಟಿಗೆ ವಿಪರ್ಯಯಗೊಳಿಸಿದರೂ ಪ್ರಕೃತಿನಿಯಮಗಳು ಬದಲಾಗವೆಂಬ ಪ್ರಮೇಯವು ಇದಕ್ಕೆ ಆಧಾರ. ಆದರೆ ವಿಶ್ವದ ಆದಿಯಲ್ಲಿ ದ್ರವ್ಯ ಪ್ರತಿದ್ರವ್ಯಗಳು ಸಮನಾಗಿ ಹುಟ್ಟಿದ್ದರೆ, ಈಗ ದ್ರವ್ಯವೊಂದೇ ಉಳಿದಿರುವುದೇಕೆ? ಈ ಪ್ರಶ್ನೆಗೆ ಸಮರ್ಪಕವಾದ ಸಮಾಧಾನ ದೊರೆಯದಿರುವಾಗ, ಪ್ರಮೇಯವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಉಚಿತವೆಂದು ನಮಗೆ ತೋರುತ್ತದೆ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 1995ರಲ್ಲಿ ಒಂಬತ್ತು ಪ್ರತಿಹೈಡ್ರೊಜನ್ ಪರಮಾಣುಗಳು ಮೊದಲು ಉತ್ಪನ್ನವಾದುವು; ಅತಿವೇಗದಿಂದ ಧಾವಿಸಿ ಕ್ಷಣಾರ್ಧದೊಳಗೆ ನಾಶವಾದುವು. ಇಂಥವನ್ನು ಯಾವ ಪಾತ್ರೆಯಲ್ಲಿ ತುಂಬಿಡುವುದು? ಗೋಡೆ ಸೋಕಿದರೆ ವಿನಾಶ. ಪರಮಾಣುವು ವಿದ್ಯುತ್ ತಟಸ್ಥವಾದ್ದರಿಂದ ವಿದ್ಯುತ್ಕ್ಷೇತ್ರವೂ ಅದನ್ನು ಹಿಡಿದಿಡಲಾರದು. ಅದರ ಅತ್ಯಲ್ಪ ಕಾಂತತ್ವವನ್ನೇ ನೆಮ್ಮಿ, ನಡುವೆ ದುರ್ಬಲವೂ ಸುತ್ತಲೂ ಪ್ರಬಲವೂ ಆದ ಕಾಂತಕ್ಷೇತ್ರದ ಬೋನನ್ನು ರಚಿಸಬೇಕು. ಅದರಲ್ಲಿ ನಿಲ್ಲುವುವು ಸುಮಾರು ಅರ್ಧ ಕೆಲ್ವಿನ್ನಿಗಿಂತ ಕಡಮೆ ಉಷ್ಣತೆಯವು ಮಾತ್ರ. 2010ರಲ್ಲಿ ಆಲ್ಫಾ ತಂಡದವರು ಹೀಗೆ ಹಿಡಿದುದು 38 ಪರಮಾಣುಗಳನ್ನು.

ಇಷ್ಟು ಅಲ್ಪಸಂಖ್ಯೆಯ ಪರಮಾಣುಗಳಿಂದ ರೋಹಿತವನ್ನು ಪಡೆದ ಬಗೆ ಸ್ವಾರಸ್ಯವಾದುದು. ಸಾಮಾನ್ಯ ರೋಹಿತದರ್ಶಕದಲ್ಲಿ ನಾವು ಬೆಳಕನ್ನು ನೋಡುತ್ತೇವೆ. ಇಲ್ಲಿ ಕಣ್ಮರೆಯಾದ ಪರಮಾಣುಗಳನ್ನು ಲೆಕ್ಕ ಹಾಕಬೇಕು. 243 ನ್ಯಾನೊಮೀಟರ್ ಅಲೆಯುದ್ದದ ಲೇಸರ್ ಬೆಳಕನ್ನು ಎರಡು ಕನ್ನಡಿಗಳ ನಡುವೆ ಹಿಂದುಮುಂದಾಗಿ ಹಾಯಿಸುತ್ತಾರೆ. ಎದುರುಬದುರು ಬಂದ ಎರಡು ಫೋಟಾನುಗಳನ್ನು ಒಮ್ಮೆಲೇ ಹೀರಿದ ಪರಮಾಣುವು 1ಎಸ್ ಮಟ್ಟದಿಂದ 2ಎಸ್ ಮಟ್ಟಕ್ಕೇರುತ್ತದೆ. ದಿಕ್ಕುಗಳು ವಿರುದ್ಧವಾದುದರಿಂದ ಚಲನೆಯಿಂದಾಗುವ ಡಾಪ್ಲರ್ ಪಲ್ಲಟಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೇಲೇರಿದ ಪರಮಾಣುವಿಗೆ ಮೂರನೆಯ ಫೋಟಾನು ತಾಗಿದರೆ ಅದು ಒಡೆದು ಬೋನಿನಿಂದ ಹೊರಬೀಳುತ್ತದೆ.

2016ರ ಪ್ರಯೋಗದಲ್ಲಿ ಲೇಸರನ್ನೇ ಹಾಯಿಸದೆ, ಆಮೇಲೆ ಬೋನನ್ನು ತೆರೆದಾಗ 142 ವಿನಾಶಗಳು ಎಣಿಕೆಗೆ ಸಿಕ್ಕುವು. ಆವೃತ್ತಿಯನ್ನು ಕೊಂಚ ತಪ್ಪಿಸಿ ಹಾಯಿಸಿದಾಗ 159. ಸರಿಯಾದ ಆವೃತ್ತಿಯಲ್ಲಿ 67 ಮಾತ್ರ. ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ಎದುರಿಗಿಟ್ಟುಕೊಂಡು ಆಲೋಚಿಸಬೇಕು. ಮೊದಲೆರಡರ ಅಂತರವು ಇಂಥ ಎಣಿಕೆಯಲ್ಲಿ ಸಹಜವಾದ ಏರಿಳಿತದೊಳಗೇ ಇದೆ, ಮೂರನೆಯದು ಅದಕ್ಕೆ ದೂರ.

2018ರಲ್ಲಿ ಈ ರೇಖೆಯ ಆಕಾರವನ್ನೇ ಅಳೆಯಲಾಯಿತು. ಆವೃತ್ತಿ ಸೆಕೆಂಡಿಗೆ ಸುಮಾರು 2466 ಲಕ್ಷ ಕೋಟಿ; ಅನಿಶ್ಚಿತತೆ ಐದು ಸಾವಿರದಷ್ಟು. ಹೈಡ್ರೊಜನ್ನಿಗೂ ಇದಕ್ಕೂ ಭೇದ ಕಾಣಲಿಲ್ಲ. ಆದರೆ ಹೋಲಿಸಿದುದು ಅದೇ ಬೋನಿನಲ್ಲಿ ಅಳೆದ ಹೈಡ್ರೊಜನ್ನಿನೊಡನಲ್ಲ, ಅಷ್ಟೇ ಕಾಂತಕ್ಷೇತ್ರದಲ್ಲಿ ಹೈಡ್ರೊಜನ್ನಿಗೆ ಗಣಿತದಿಂದ ಪಡೆದ ಬೆಲೆಯೊಡನೆ ಎಂಬುದನ್ನು ಮರೆಯಲಾಗದು. ಹೈಡ್ರೊಜನ್ನಿನ ಈ ಆವೃತ್ತಿಯನ್ನಾದರೋ ಜರ್ಮನಿಯ ಗಾರ್ಕಿಂಗ್‌ನಲ್ಲಿ 2011ರಲ್ಲಿಯೇ ಹತ್ತರಷ್ಟು ಅನಿಶ್ಚಿತತೆಗೆ ಇಳಿಸಿದ್ದರು. ಇವೆರಡರ ನಡುವಣ ಐನೂರು ಪಟ್ಟು ಅಂತರವನ್ನು ತುಂಬಲು ಪರಮಾಣುಗಳನ್ನು ಇನ್ನೂ ತಣಿಸಬೇಕಾಗಿತ್ತು. 121.6 ನ್ಯಾನೊಮೀಟರ್ ಲೇಸರಿನಿಂದ ಅವನ್ನು ತಣಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ತಣಿದ ಪರಮಾಣುಗಳಲ್ಲಿ ರೇಖೆಯ ಅಗಲವೂ ಕುಗ್ಗಿತ್ತು.