ಟಿ.ವಿ.ಗೆ ಅಗ್ಗದ ಸ್ಟಿಕ್: ಕೊಳ್ಳುವ ಮುನ್ನ ಸಿಗ್ನಲ್ ನೋಡಿ

ದಾಂಡೇಲಿ: ಸಾಧಾರಣ ಟಿ.ವಿ.ಯನ್ನೇ ‘ಸ್ಮಾರ್ಟ್’ ಆಗಿಸುವ ಸ್ಟ್ರೀಮಿಂಗ್ ಸ್ಟಿಕ್‌ಗಳು ಈಗ ಕೈಗೆಟಕುವ ಬೆಲೆಗೆ ದೊರೆಯುತ್ತಿವೆ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ದುಡಿಯುವ ಮಕ್ಕಳು ಊರಿನಲ್ಲಿರುವ ತಂದೆ–ತಾಯಿಗೆ ಕಳುಹಿಸಲು ಇವು ಅನುಕೂಲಕರ ಉಡುಗೊರೆಯೂ ಹೌದು. ಆದರೆ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳ ಮಟ್ಟಿಗೆ ಯಾವ ಕಂಪೆನಿಯ ಸ್ಟಿಕ್ ಉತ್ತಮ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಮನೆಗೆ ಅಂತರ್ಜಾಲ ಎಷ್ಟು ತಲುಪುತ್ತಿದೆ?

ಪಟ್ಟಣಗಳಲ್ಲಿ ಫೈಬರ್ ಸಂಪರ್ಕವಿರುವ ಮನೆಗಳಿಗೆ ಚಿಂತೆಯಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು ಹಬ್ಬಿರುವ ಜೊಯಿಡಾದ ಹಳ್ಳಿಗಳ ಸ್ಥಿತಿ ಹಾಗಲ್ಲ. ಅಲ್ಲಿ ಹಲವೆಡೆ ಮೊಬೈಲ್ ಕರೆಗೂ ಸಿಗ್ನಲ್ ಹುಡುಕಬೇಕಾಗುತ್ತದೆ.

ಡೇಟಾ ಲೆಕ್ಕಾಚಾರ

ಸಾಧಾರಣ ಗುಣಮಟ್ಟದ ದೃಶ್ಯಕ್ಕೆ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ, 4ಕೆಗೆ 7 ಜಿಬಿಯಷ್ಟು ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರ ದಿನದ ಮಿತಿ 1.5 ಜಿಬಿ ಇದ್ದರೆ, ಎಚ್‌ಡಿಯಲ್ಲಿ ಅರ್ಧ ಗಂಟೆಗೇ ಅದು ಮುಗಿದುಹೋಗುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 7.5 ಜಿಬಿ ಬೇಕು! ಎಚ್‌ಡಿಗೆ ಸೆಕೆಂಡಿಗೆ 5 ಎಂಬಿಪಿಎಸ್ ವೇಗವೂ ಅಗತ್ಯ. ಆದ್ದರಿಂದ ಟಿ.ವಿ. ಇರುವ ಕೋಣೆಯಲ್ಲಿಯೇ, ರಾತ್ರಿ 8ರ ನಂತರ, ಮೊಬೈಲ್‌ನಲ್ಲಿ ವೇಗ ಪರೀಕ್ಷಿಸಿ ನೋಡುವುದು ಒಳಿತು.

ಟಿ.ವಿ.ಯ ಹಿಂಭಾಗ ನೋಡಿ

ಸ್ಟಿಕ್ ಜೋಡಿಸಲು ಎಚ್‌ಡಿಎಂಐ ಕಿಂಡಿ ಇರಲೇಬೇಕು. ಕೆಂಪು, ಬಿಳಿ, ಹಳದಿ ಕಿಂಡಿಗಳು ಮಾತ್ರ ಇರುವ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗೆ ಇದು ನೇರವಾಗಿ ಹೊಂದದು. ಸ್ಟಿಕ್‌ಗೆ ವಿದ್ಯುತ್ತನ್ನು ಟಿ.ವಿ.ಯ ಯುಎಸ್‌ಬಿಯಿಂದ ಕೊಟ್ಟರೆ ಸಾಲದೆ, ಅದು ಪದೇ ಪದೇ ನಿಂತು ಮರುಚಾಲನೆಗೊಳ್ಳಬಹುದು. ಜೊತೆಗೆ ಬಂದ ಅಡಾಪ್ಟರ್ ಬಳಸುವುದೇ ಸರಿ.

ಯಾವುದನ್ನು ಆಯಬೇಕು?

ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ತನ್ನದೇ ಆಪ್ ಮಳಿಗೆಯನ್ನು ಅವಲಂಬಿಸಿದೆ. ಶಿಯೋಮಿ, ರಿಯಲ್‌ಮಿ ಸ್ಟಿಕ್‌ಗಳಲ್ಲಿ ಗೂಗಲ್ ಪ್ಲೇ ಮಳಿಗೆ ಇರುತ್ತದೆ. ಮನೆಯವರು ನೋಡುವ ಆಪ್‌ಗಳು ದೊರೆಯುತ್ತವೆಯೇ ಎಂಬುದೇ ಇಲ್ಲಿ ಮುಖ್ಯ. 4ಕೆ ಟಿ.ವಿ. ಇಲ್ಲದವರು 4ಕೆ ಸ್ಟಿಕ್‌ಗೆ ಹೆಚ್ಚುವರಿ ಹಣ ತೆರಬೇಕಿಲ್ಲ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಿಂದ ದೂರವಿರುವುದು ಕ್ಷೇಮ. ಇಂಥ ಕೆಲವು ಸಾಧನಗಳಲ್ಲಿ ಕುತಂತ್ರಾಂಶ ಮೊದಲೇ ಅಡಗಿರುತ್ತದೆಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು.

ಸಿಗ್ನಲ್ ಇಲ್ಲದಿದ್ದರೆ?

ಅಂಥ ಮನೆಗಳಿಗೆ ಸ್ಟಿಕ್ ವ್ಯರ್ಥ ಖರ್ಚು. ಪ್ರಸಾರ ಭಾರತಿ 2004ರ ಡಿಸೆಂಬರ್‌ನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಗೆ ಅಂತರ್ಜಾಲವೂ ಬೇಡ, ಮಾಸಿಕ ಶುಲ್ಕವೂ ಇಲ್ಲ. ತಟ್ಟೆ ಮತ್ತು ಸೆಟ್ ಟಾಪ್ ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಚಂದನ ಸೇರಿದಂತೆ ಹಲವು ವಾಹಿನಿಗಳು ಲಭ್ಯ. ಹಳೆಯ ಟಿ.ವಿ.ಗೂ ಇದು ಹೊಂದುತ್ತದೆ. ಜಡಿಮಳೆಯಲ್ಲಿ ಚಿತ್ರ ಕೆಲಕಾಲ ಮಾಯವಾಗುವುದು ಇದರ ಕೊರತೆ. ಬೇಕಾದ ಕಾರ್ಯಕ್ರಮವನ್ನು ಬೇಕಾದಾಗ ನೋಡುವ ಸೌಕರ್ಯವೂ ಇದರಲ್ಲಿಲ್ಲ.

ಹಾಗಾಗಿ ಊರಿಗೆ ಸ್ಟಿಕ್ ಕಳುಹಿಸುವ ಮೊದಲು ಒಂದು ಫೋನ್ ಕರೆ ಮಾಡಿ. ಮನೆಯೊಳಗೆ ಕುಳಿತವರ ದನಿ ಕಡಿಯದೆ ಕೇಳಿಸುತ್ತದೆಯೇ? ಇಲ್ಲವೆಂದಾದರೆ, ಆ ಹಣ ಸೇರಬೇಕಾದುದು ಮಾಡಿನ ಮೇಲಿನ ತಟ್ಟೆಗೆ.